ಎಡಿಸಿಯೋನ್ ಲಿಮಿಟಾಡಾ

ಎಡಿಸಿಯೋನ್ ಲಿಮಿಟಾಡಾ ಎಂಬುದು ಕ್ಯೂಬಾ ದೇಶದ ಹಬಾನೋಸ್ ಎಸ್.ಎ. ಸಂಸ್ಥೆಯು 2000ನೆಯ ಇಸವಿಯಿಂದ ಮಾರುಕಟ್ಟೆಗೆ ಬಿಡುತ್ತಿರುವ ದುಬಾರಿ ದರ್ಜೆಯ ಸಿಗಾರ್‌ಗಳ ಸರಣಿ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಪದಗುಚ್ಛಕ್ಕೆ ‘ಸೀಮಿತ ಆವೃತ್ತಿ’ ಎಂದು ಅರ್ಥ. ಸಾಮಾನ್ಯವಾಗಿ ಪ್ರತಿವರ್ಷ ಮೂರು ಬ್ರಾಂಡ್‌ಗಳನ್ನು ಆರಿಸಿಕೊಂಡು, ಆ ಬ್ರಾಂಡಿನ ನಿತ್ಯದ ಉತ್ಪನ್ನಗಳಲ್ಲಿ ಇಲ್ಲದ ಅಳತೆಯ ಸಿಗಾರ್‌ಗಳನ್ನು ಈ ಹೆಸರಿನಲ್ಲಿ ತಯಾರಿಸಲಾಗುತ್ತದೆ. ಕಪ್ಪಿಗೆ ತಿರುಗಿದ ಕಂದುಬಣ್ಣದ ಹೊದಿಕೆ ಎಲೆ, ಕನಿಷ್ಠ ಎರಡು ವರ್ಷ ಮಾಗಿಸಿದ ತಂಬಾಕು ಮತ್ತು ಬಿಡುಗಡೆಯ ವರ್ಷವನ್ನು ನಮೂದಿಸಿದ ಕಪ್ಪು–ಚಿನ್ನದ ಬಣ್ಣದ ಎರಡನೆಯ ಪಟ್ಟಿ ಈ ಸರಣಿಯ ಗುರುತುಗಳು. ಸಿಗಾರ್ ಆಸ್ವಾದನೆಯ ಪದ್ಧತಿ, ವಿರಳತೆಯ ವ್ಯಾಪಾರ, ನಕಲಿ ಸರಕಿನ ಹಾವಳಿ ಹಾಗೂ ತಂಬಾಕಿನ ಆರೋಗ್ಯ ಹಾನಿ ಈ ನಾಲ್ಕೂ ವಿಷಯಗಳ ಚರ್ಚೆಯಲ್ಲಿ ಈ ಸರಣಿಯ ಪ್ರಸ್ತಾಪ ಬರುತ್ತದೆ.

ಹಿನ್ನೆಲೆ

ಒಣಗಿಸಿ ಹುದುಗಿಸಿದ ತಂಬಾಕಿನ ಎಲೆಗಳನ್ನು ತಂಬಾಕಿನ ಎಲೆಯಲ್ಲಿಯೇ ಸುತ್ತಿದ ಸುರುಳಿಯನ್ನು ಸಿಗಾರ್ ಎನ್ನುತ್ತಾರೆ. ಸಿಗರೇಟಿನಲ್ಲಿ ಹೊದಿಕೆ ಕಾಗದದ್ದು. ಸಿಗಾರಿನಲ್ಲಿ ಒಳಗೂ ಹೊರಗೂ ಇರುವುದು ಎಲೆಯೇ. ಇದೇ ಬಗೆಯ ದಕ್ಷಿಣ ಭಾರತದ ಉತ್ಪನ್ನಕ್ಕೆ ಕನ್ನಡದಲ್ಲಿ ಚುಟ್ಟ ಎಂಬ ಹೆಸರಿದೆ. ಇಂಗ್ಲಿಷಿನ ‘ಚೆರೂಟ್’ ಎಂಬ ಪದವು ತಮಿಳಿನ ‘ಸುರುಟ್ಟು’ ಎಂಬುದರಿಂದ ಬಂದಿದೆ.

1492ರಲ್ಲಿ ಕ್ರಿಸ್ಟೋಫರ್ ಕೊಲಂಬಸ್‌ನ ಹಡಗುಗಳು ಕ್ಯೂಬಾ ದ್ವೀಪವನ್ನು ತಲುಪಿದಾಗ, ಅಲ್ಲಿನ ಟೈನೋ ಜನರು ಎಲೆಗಳನ್ನು ಸುರುಳಿ ಸುತ್ತಿ ಹೊಗೆ ಸೇದುತ್ತಿದ್ದುದನ್ನು ಯುರೋಪಿಯನ್ನರು ಕಂಡರು. ಮುಂದೆ ಸ್ಪೇನ್ ಆಳ್ವಿಕೆಯಲ್ಲಿ ಹವಾನಾ ನಗರವು ಸಿಗಾರ್ ತಯಾರಿಕೆಯ ಕೇಂದ್ರವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಎಚ್. ಉಪ್ಮನ್, ಪಾರ್ಟಾಗಾಸ್, ರೋಮಿಯೋ ಇ ಹುಲಿಯೆಟಾ ಮೊದಲಾದ ಬ್ರಾಂಡ್‌ಗಳು ಹುಟ್ಟಿಕೊಂಡವು. ಕ್ಯೂಬಾ ಕ್ರಾಂತಿಯ ಬಳಿಕ, 1960ರಲ್ಲಿ, ಫಿಡೆಲ್ ಕ್ಯಾಸ್ಟ್ರೋ ಸರ್ಕಾರವು ತಂಬಾಕು ಕಾರ್ಖಾನೆಗಳನ್ನು ರಾಷ್ಟ್ರೀಕರಣಗೊಳಿಸಿತು. 1962ರ ಫೆಬ್ರವರಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಕ್ಯೂಬಾದ ಮೇಲೆ ವ್ಯಾಪಾರ ನಿರ್ಬಂಧವನ್ನು ಹೇರಿದ್ದರಿಂದ, ಜಗತ್ತಿನ ದೊಡ್ಡ ಸಿಗಾರ್ ಮಾರುಕಟ್ಟೆಯೊಂದು ಹವಾನಾ ಸಿಗಾರ್‌ಗಳಿಗೆ ಮುಚ್ಚಿಹೋಯಿತು. ಆ ನಿರ್ಬಂಧವೇ ಈ ಸಿಗಾರ್‌ಗಳಿಗೆ ನಿಷಿದ್ಧ ವಸ್ತುವಿನ ಆಕರ್ಷಣೆಯನ್ನೂ ತಂದುಕೊಟ್ಟಿತು.

ಕ್ಯೂಬಾದ ಸಿಗಾರ್‌ಗಳ ಜಾಗತಿಕ ಮಾರಾಟಕ್ಕಾಗಿ 1994ರಲ್ಲಿ ಹಬಾನೋಸ್ ಎಸ್.ಎ. ಸಂಸ್ಥೆ ಸ್ಥಾಪನೆಯಾಯಿತು. 2000ರಲ್ಲಿ ಆಲ್ಟಾಡಿಸ್ ಎಂಬ ಯುರೋಪಿಯನ್ ತಂಬಾಕು ಸಂಸ್ಥೆಯು ಇದರ ಅರ್ಧದಷ್ಟು ಪಾಲನ್ನು ಕೊಂಡಿತು. ಎಡಿಸಿಯೋನ್ ಲಿಮಿಟಾಡಾ ಸರಣಿ ಆರಂಭವಾದದ್ದೂ ಅದೇ ವರ್ಷ.

ಸರಣಿಯ ಲಕ್ಷಣಗಳು

ಸಿಗಾರಿನ ಅಳತೆ ಮತ್ತು ಆಕಾರವನ್ನು ಒಟ್ಟಾಗಿ ‘ವಿಟೋಲಾ’ ಎಂದು ಕರೆಯುತ್ತಾರೆ. ಉದ್ದವನ್ನು ಮಿಲಿಮೀಟರುಗಳಲ್ಲೂ ದಪ್ಪವನ್ನು ‘ರಿಂಗ್ ಗೇಜ್’ ಎಂಬ ಮಾನದಲ್ಲೂ ಹೇಳುವುದು ರೂಢಿ. ಒಂದು ರಿಂಗ್ ಗೇಜ್ ಎಂದರೆ ಅಂಗುಲದ 64ನೆಯ ಒಂದು ಭಾಗ. ಹೀಗಾಗಿ 52 ರಿಂಗ್ ಗೇಜಿನ ಸಿಗಾರಿನ ವ್ಯಾಸ ಸುಮಾರು 20.6 ಮಿ.ಮೀ. ಆಗುತ್ತದೆ.

ಆರಂಭದ ವರ್ಷಗಳಲ್ಲಿ ಹೊದಿಕೆ ಎಲೆಯನ್ನು ಮಾತ್ರ ಎರಡು ವರ್ಷ ಮಾಗಿಸಬೇಕೆಂಬ ನಿಯಮವಿತ್ತು. 2007ರಿಂದ ಒಳಗಿನ ತುಂಬು ಎಲೆ ಮತ್ತು ಕಟ್ಟು ಎಲೆಗಳೂ ಸೇರಿದಂತೆ ಎಲ್ಲ ಎಲೆಗಳಿಗೂ ಈ ಅವಧಿ ಅನ್ವಯಿಸುತ್ತದೆ. ಸರಣಿಯ ಕೆಲವು ಸಿಗಾರ್‌ಗಳು ಹೀಗಿವೆ:

- ಕೊಹೀಬಾ ಸಬ್ಲೈಮ್ಸ್ (2004): 54 ರಿಂಗ್ ಗೇಜ್, 164 ಮಿ.ಮೀ.
- ಎಚ್. ಉಪ್ಮನ್ ಮ್ಯಾಗ್ನಮ್ 50 (2005): ಮುಂದೆ ಬ್ರಾಂಡಿನ ನಿತ್ಯದ ಉತ್ಪನ್ನವಾಯಿತು.
- ಪಾರ್ಟಾಗಾಸ್ ಸೀರಿ ಡಿ ನಂ. 5 (2008): ಇದೂ ಮುಂದೆ ನಿತ್ಯದ ಉತ್ಪನ್ನಗಳ ಸಾಲಿಗೆ ಸೇರಿತು.
- ಕೊಹೀಬಾ 1966 (2011): 52 ರಿಂಗ್ ಗೇಜ್, 166 ಮಿ.ಮೀ. ಕೊಹೀಬಾ ಬ್ರಾಂಡ್ ಹುಟ್ಟಿದ ವರ್ಷವೇ ಇದರ ಹೆಸರು.
- ಮಾಂಟೆಕ್ರಿಸ್ಟೋ 520 (2012): 55 ರಿಂಗ್ ಗೇಜ್, 155 ಮಿ.ಮೀ. 1492ರಿಂದ 520 ವರ್ಷಗಳು ಸಂದ ನೆನಪಿನ ಆವೃತ್ತಿ.
- ಕೊಹೀಬಾ ತಾಲಿಸ್ಮಾನ್ (2017): 54 ರಿಂಗ್ ಗೇಜ್, 154 ಮಿ.ಮೀ.

ಇದೇ ಸಂಸ್ಥೆಯ ‘ರಿಸೆರ್ವಾ’, ‘ಗ್ರಾನ್ ರಿಸೆರ್ವಾ’ ಮತ್ತು ‘ಎಡಿಸಿಯೋನ್ ರೀಜಿಯೋನಾಲ್’ ಎಂಬ ಸರಣಿಗಳು ಇದರಿಂದ ಭಿನ್ನವಾದವು. ರಿಸೆರ್ವಾದ ಎಲೆಗಳನ್ನು ಕನಿಷ್ಠ ಮೂರು ವರ್ಷ, ಗ್ರಾನ್ ರಿಸೆರ್ವಾದ ಎಲೆಗಳನ್ನು ಕನಿಷ್ಠ ಐದು ವರ್ಷ ಮಾಗಿಸಲಾಗುತ್ತದೆ. ಎಡಿಸಿಯೋನ್ ರೀಜಿಯೋನಾಲ್ ಸಿಗಾರ್‌ಗಳು ನಿರ್ದಿಷ್ಟ ದೇಶ ಅಥವಾ ಪ್ರದೇಶದ ಮಾರುಕಟ್ಟೆಗೆ ಮೀಸಲು.

ಎಲೆ ಮತ್ತು ತಯಾರಿಕೆ

ಬೇಸಾಯ

ಕ್ಯೂಬಾದ ಪಶ್ಚಿಮ ಭಾಗದ ಪಿನಾರ್ ಡೆಲ್ ರಿಯೋ ಪ್ರಾಂತ್ಯದಲ್ಲಿರುವ ವುಯೆಲ್ಟಾ ಅಬಾಹೋ ಪ್ರದೇಶವು ಸಿಗಾರ್ ತಂಬಾಕಿಗೆ ಹೆಸರಾದದ್ದು. ಸಾನ್ ಲೂಯಿಸ್ ಮತ್ತು ಸಾನ್ ಹುವಾನ್ ಇ ಮಾರ್ಟಿನೆಸ್ ಪಟ್ಟಣಗಳ ಸುತ್ತಲಿನ ಕೆಂಪು ಮರಳುಮಿಶ್ರಿತ ಭೂಮಿ ಇದಕ್ಕೆ ಅತ್ಯುತ್ತಮವೆಂದು ಪರಿಗಣಿತವಾಗಿದೆ. ತುಂಬು ಎಲೆ ಮತ್ತು ಕಟ್ಟು ಎಲೆಯ ಗಿಡಗಳನ್ನು ಬಯಲಿನ ಬಿಸಿಲಿನಲ್ಲಿ ಬೆಳೆಸುತ್ತಾರೆ. ಹೊದಿಕೆ ಎಲೆಯ ಗಿಡಗಳನ್ನು ತೆಳುಬಟ್ಟೆಯ ಚಪ್ಪರದ ಕೆಳಗೆ ಬೆಳೆಸುತ್ತಾರೆ. ನೆರಳಿನಿಂದಾಗಿ ಎಲೆ ಅಗಲವಾಗಿ, ತೆಳ್ಳಗೆ, ನಯವಾಗಿ ಬೆಳೆಯುತ್ತದೆ.

ಗಿಡದ ಎಲೆಗಳನ್ನು ಒಮ್ಮೆಗೇ ಕೊಯ್ಯುವುದಿಲ್ಲ. ಬುಡದಿಂದ ಆರಂಭಿಸಿ, ಒಂದು ಸಲಕ್ಕೆ ಎರಡು ಮೂರು ಎಲೆಗಳಂತೆ, ಕೆಲವು ದಿನಗಳ ಅಂತರದಲ್ಲಿ ಕೊಯ್ಲು ತುದಿಯತ್ತ ಸಾಗುತ್ತದೆ. ತುದಿಯ ಎಲೆಗಳಿಗೆ ಹೆಚ್ಚು ಬಿಸಿಲು ಸಿಗುವುದರಿಂದ ಮತ್ತು ಅವು ಗಿಡದಲ್ಲಿ ಹೆಚ್ಚು ಕಾಲ ಉಳಿಯುವುದರಿಂದ ದಪ್ಪವಾಗಿ, ಜಿಡ್ಡಿನಿಂದ ಕೂಡಿ, ಮಾಗಿದ ಮೇಲೆ ಗಾಢವಾದ ಬಣ್ಣಕ್ಕೆ ತಿರುಗುತ್ತವೆ. ಎಡಿಸಿಯೋನ್ ಲಿಮಿಟಾಡಾದ ಹೊದಿಕೆಗೆ ಚಪ್ಪರದ ಗಿಡಗಳ ಈ ಮೇಲ್ಭಾಗದ ಎಲೆಗಳನ್ನೇ ಆಯ್ದುಕೊಳ್ಳಲಾಗುತ್ತದೆ. ಅಂತಹ ಎಲೆಗಳು ಪ್ರತಿ ಗಿಡದಲ್ಲಿ ಕೆಲವೇ ಇರುತ್ತವೆ. ಅವುಗಳಲ್ಲಿಯೂ ತೂತು, ಕಲೆ, ಹರಿತಗಳಿಲ್ಲದವು ಇನ್ನೂ ಕಡಿಮೆ. ‘ಸೀಮಿತ’ ಎಂಬ ಹೆಸರಿಗೆ ಇರುವ ಕೃಷಿಯ ಆಧಾರ ಇದು.

ಹವಾಮಾನವೂ ಉತ್ಪಾದನೆಯನ್ನು ಮಿತಿಗೊಳಿಸುತ್ತದೆ. 1979–80ರಲ್ಲಿ ನೀಲಿ ಬೂಷ್ಟು ರೋಗವು ಕ್ಯೂಬಾದ ತಂಬಾಕು ಬೆಳೆಯನ್ನು ನಾಶಮಾಡಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತವು ಪಿನಾರ್ ಡೆಲ್ ರಿಯೋ ಪ್ರಾಂತ್ಯಕ್ಕೆ ಅಪ್ಪಳಿಸಿ, ಎಲೆ ಒಣಗಿಸುವ ಸಾವಿರಾರು ಮನೆಗಳನ್ನು ನೆಲಸಮ ಮಾಡಿತು.

ಒಣಗಿಸುವಿಕೆ ಮತ್ತು ಮಾಗಿಸುವಿಕೆ

ಕರ್ನಾಟಕದ ಹುಣಸೂರು, ಪಿರಿಯಾಪಟ್ಟಣ ಭಾಗಗಳಲ್ಲಿ ಸಿಗರೇಟಿಗಾಗಿ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪನ್ನು ಬ್ಯಾರನ್‌ಗಳಲ್ಲಿ ಬಿಸಿ ಕೊಟ್ಟು ಕೆಲವೇ ದಿನಗಳಲ್ಲಿ ಹದಗೊಳಿಸುತ್ತಾರೆ. ಸಿಗಾರಿನ ಎಲೆಗೆ ಅನುಸರಿಸುವ ಕ್ರಮ ಬೇರೆ. ಎಲೆಗಳನ್ನು ಕೋಲುಗಳಿಗೆ ಪೋಣಿಸಿ, ‘ಕಾಸಾ ಡೆ ಟಬಾಕೋ’ ಎಂಬ ಗಾಳಿಯಾಡುವ ಮನೆಗಳಲ್ಲಿ ಸುಮಾರು 50 ದಿನ ನೇತುಹಾಕಲಾಗುತ್ತದೆ. ಹಸಿರು ಎಲೆ ಹಳದಿಯಾಗಿ, ಆಮೇಲೆ ಕಂದುಬಣ್ಣಕ್ಕೆ ಬರುತ್ತದೆ. ಅನಂತರ ಎಲೆಗಳನ್ನು ರಾಶಿ ಒಟ್ಟಿ ಹುದುಗಲು ಬಿಡುತ್ತಾರೆ. ರಾಶಿಯೊಳಗೆ ತಾನಾಗಿಯೇ ಶಾಖ ಹುಟ್ಟಿ, ಎಲೆಯಲ್ಲಿನ ಅಮೋನಿಯಾ ಹೊರಹೋಗುತ್ತದೆ. ಕಹಿ ಮತ್ತು ಒಗರು ತಗ್ಗುತ್ತವೆ. ಆಮೇಲೆ ಗೋದಾಮಿನಲ್ಲಿ ವರ್ಷಗಟ್ಟಲೆ ಮಾಗಿಸುವುದರಿಂದ ಹೊಗೆಯ ತೀಕ್ಷ್ಣತೆ ಇನ್ನಷ್ಟು ಇಳಿಯುತ್ತದೆ.

ಸುತ್ತುವಿಕೆ

ಸಿಗಾರಿನಲ್ಲಿ ಮೂರು ಅಂಗಗಳಿವೆ: ಒಳಗಿನ ತುಂಬು ಎಲೆ, ಅದನ್ನು ಬಿಗಿಯುವ ಕಟ್ಟು ಎಲೆ ಮತ್ತು ಹೊರಗಿನ ಹೊದಿಕೆ ಎಲೆ. ತುಂಬು ಎಲೆಗಳಲ್ಲಿ ಗಿಡದ ಕೆಳಭಾಗದ ‘ವೊಲಾಡೋ’ ಚೆನ್ನಾಗಿ ಉರಿಯಲು, ನಡುಭಾಗದ ‘ಸೆಕೋ’ ಪರಿಮಳಕ್ಕೆ, ಮೇಲ್ಭಾಗದ ‘ಲಿಹೇರೋ’ ಖಾರಕ್ಕೆ ಬಳಕೆಯಾಗುತ್ತವೆ. ನಿಧಾನವಾಗಿ ಉರಿಯುವ ಲಿಹೇರೋವನ್ನು ಸುರುಳಿಯ ನಡುವೆ ಇಡುತ್ತಾರೆ. ಈ ಎಲೆಗಳ ಪ್ರಮಾಣವೇ ಪ್ರತಿ ಬ್ರಾಂಡಿನ ರುಚಿಯ ಗುಟ್ಟು.

ಸಿಗಾರ್ ಸುತ್ತುವ ಕುಶಲಕರ್ಮಿಗೆ ‘ಟೊರ್ಸೆಡೋರ್’ ಎಂದು ಹೆಸರು. ಮರದ ಹಲಗೆ, ‘ಚವೇಟಾ’ ಎಂಬ ಬಾಗಿದ ಅಲಗು ಮತ್ತು ಸ್ವಲ್ಪ ಅಂಟು ಇವೇ ಅವರ ಮುಖ್ಯ ಸಾಧನಗಳು. ಎಲೆಗಳನ್ನು ತಿರುಚದೆ, ಗಾಳಿ ಹಾದುಹೋಗುವಂತೆ ಮಡಿಸಿ ಜೋಡಿಸುವುದರಲ್ಲಿ ಕೌಶಲವಿದೆ. ಜೋಡಣೆ ಬಿಗಿಯಾದರೆ ಹೊಗೆ ಎಳೆಯಲು ಬರುವುದಿಲ್ಲ. ಸಡಿಲವಾದರೆ ಸಿಗಾರ್ ಬಿಸಿಯಾಗಿ ಬೇಗ ಉರಿದುಹೋಗುತ್ತದೆ. ಹವಾನಾದ ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ಪತ್ರಿಕೆ ಮತ್ತು ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಹೇಳುವ ‘ಲೆಕ್ಟೋರ್’ ಪದ್ಧತಿ 1865ರಿಂದ ನಡೆದುಬಂದಿದೆ. ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿಯಿಂದ ಬಂದ ಮಾಂಟೆಕ್ರಿಸ್ಟೋ ಎಂಬ ಹೆಸರನ್ನು ಈ ಓದಿನೊಂದಿಗೆ ಜೋಡಿಸಿ ಹೇಳುವುದುಂಟು.

ಆಸ್ವಾದನೆ

ಸಿಗಾರ್ ಆಸ್ವಾದನೆಯನ್ನು ಸ್ಪ್ಯಾನಿಷ್‌ನಲ್ಲಿ ‘ಕಾಟಾ’ ಎನ್ನುತ್ತಾರೆ. ಕಾರ್ಖಾನೆಗಳಲ್ಲಿ ಇದು ಗುಣಮಟ್ಟ ಪರೀಕ್ಷೆಯ ಭಾಗ. ಪ್ರತಿ ಕಾರ್ಖಾನೆಯ ರುಚಿ ತಜ್ಞರ ಸಮಿತಿಯು ಸಿಗಾರ್‌ಗಳನ್ನು ಸೇದಿ ನೋಡಿ, ಎಳೆತ, ಉರಿಯುವಿಕೆ, ಪರಿಮಳ, ರುಚಿ ಮತ್ತು ಖಾರಗಳನ್ನು ದಾಖಲಿಸುತ್ತದೆ. ಗ್ರಾಹಕರ ಆಸ್ವಾದನೆಯೂ ಬಹುಮಟ್ಟಿಗೆ ಇದೇ ಕ್ರಮವನ್ನು ಅನುಸರಿಸುತ್ತದೆ.

ನೋಟ, ಸ್ಪರ್ಶ, ವಾಸನೆ

ಮೊದಲ ಹಂತದಲ್ಲಿ ಹೊದಿಕೆ ಎಲೆಯ ಬಣ್ಣ, ನರಗಳು, ಮೇಲ್ಮೈಯ ಜಿಡ್ಡಿನ ಹೊಳಪು ಇವನ್ನು ಗಮನಿಸುತ್ತಾರೆ. ಬಣ್ಣವನ್ನು ತಿಳಿಯಿಂದ ಗಾಢದ ಕಡೆಗೆ ಕ್ಲಾರೋ, ಕೊಲೊರಾಡೋ, ಮಡೂರೋ ಎಂದು ವಿಂಗಡಿಸುವುದು ವಾಡಿಕೆ. ಎಡಿಸಿಯೋನ್ ಲಿಮಿಟಾಡಾದ ಹೊದಿಕೆಗಳು ಮಡೂರೋ ಛಾಯೆಯ ಹತ್ತಿರ ಬರುತ್ತವೆ. ಬೆರಳುಗಳಿಂದ ಮೃದುವಾಗಿ ಒತ್ತಿದಾಗ ಸಿಗಾರ್ ತುಸು ಬಾಗಿ ಮತ್ತೆ ಮೊದಲಿನಂತಾಗಬೇಕು. ಚುರುಚುರು ಸದ್ದು ಬಂದರೆ ಅದು ಒಣಗಿದೆ ಎಂದೂ, ಮೆತ್ತಗೆ ಕುಸಿದರೆ ತೇವ ಹೆಚ್ಚಾಗಿದೆ ಎಂದೂ ತಿಳಿಯುತ್ತದೆ. ಹೊತ್ತಿಸುವ ತುದಿಯನ್ನು ಮೂಸಿದಾಗ ಬರುವ ವಾಸನೆಯಲ್ಲಿ ಅಮೋನಿಯಾದ ಘಾಟು ಇದ್ದರೆ ಎಲೆ ಇನ್ನೂ ಮಾಗಿಲ್ಲವೆಂದು ಅರ್ಥ.

ಕತ್ತರಿಸುವುದು ಮತ್ತು ಹೊತ್ತಿಸುವುದು

ಬಾಯಿಗಿಡುವ ತುದಿಯನ್ನು ಎಲೆಯ ಚಿಕ್ಕ ತುಂಡಿನಿಂದ ಮುಚ್ಚಿರಲಾಗುತ್ತದೆ. ಆ ಟೋಪಿಯ ತುದಿಯನ್ನಷ್ಟೇ ಹರಿತವಾದ ಅಲಗಿನಿಂದ ಕತ್ತರಿಸುತ್ತಾರೆ. ಹೆಚ್ಚು ಕತ್ತರಿಸಿದರೆ ಹೊದಿಕೆ ಬಿಚ್ಚಿಕೊಳ್ಳುತ್ತದೆ. ಹೊತ್ತಿಸುವ ಮುನ್ನ ಒಮ್ಮೆ ಎಳೆದು ನೋಡುವುದು ತಣ್ಣನೆಯ ಎಳೆತ. ಇದರಿಂದ ಗಾಳಿಯ ಹರಿವೂ ಎಲೆಯ ಸಹಜ ರುಚಿಯೂ ತಿಳಿಯುತ್ತವೆ. ವಾಸನೆಯಿಲ್ಲದ ಬ್ಯುಟೇನ್ ಲೈಟರ್, ಉದ್ದನೆಯ ಬೆಂಕಿಕಡ್ಡಿ ಅಥವಾ ಸೀಡರ್ ಮರದ ಸೀಳನ್ನು ಬಳಸಿ, ಜ್ವಾಲೆ ತಾಗದಂತೆ ತುದಿಯನ್ನು ಸುತ್ತಲೂ ಸಮನಾಗಿ ಕಾಯಿಸಿ ಹೊತ್ತಿಸುತ್ತಾರೆ. ಪೆಟ್ರೋಲ್ ಲೈಟರಿನ ವಾಸನೆ ಎಲೆಗೆ ಅಂಟುವುದರಿಂದ ಅದನ್ನು ಬಳಸುವುದಿಲ್ಲ.

ಮೂರು ಭಾಗಗಳು

ಸಿಗಾರಿನ ಉದ್ದವನ್ನು ಮೂರು ಭಾಗಗಳಾಗಿ ಎಣಿಸಿ ರುಚಿಯನ್ನು ವಿವರಿಸುವುದು ಪದ್ಧತಿ. ಮೊದಲ ಭಾಗದಲ್ಲಿ ಹೊಗೆ ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ. ಎರಡನೆಯ ಭಾಗದಲ್ಲಿ ಬೇರೆ ಬೇರೆ ಎಲೆಗಳ ರುಚಿಗಳು ಬೆರೆತು ಸಮತೋಲನಕ್ಕೆ ಬರುತ್ತವೆ. ಉರಿದ ಭಾಗದ ಟಾರ್ ಮತ್ತು ತೇವಾಂಶಗಳು ಉಳಿದ ಎಲೆಯಲ್ಲಿ ಸಂಗ್ರಹವಾಗುವುದರಿಂದ ಕೊನೆಯ ಭಾಗದಲ್ಲಿ ಖಾರ ಮತ್ತು ಕಹಿ ಹೆಚ್ಚುತ್ತವೆ. ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯದೆ ಬಾಯಿಯಲ್ಲಿ ಕೆಲಕಾಲ ಹಿಡಿದು ಬಿಡುತ್ತಾರೆ. ಅಭ್ಯಾಸವಿರುವವರು ಸ್ವಲ್ಪ ಹೊಗೆಯನ್ನು ಮೂಗಿನ ಮೂಲಕ ಹೊರಬಿಡುತ್ತಾರೆ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮೊದಲಾದ ಕೆಲವೇ ರುಚಿಗಳು. ಕೋಕೋ, ಕಾಫಿ, ಚರ್ಮ, ಮಣ್ಣು, ಸೀಡರ್, ಮೆಣಸು, ಹುರಿದ ಬೀಜ ಎಂದು ವರ್ಣಿಸಲಾಗುವ ಗುಣಗಳು ಬಹುಪಾಲು ಮೂಗಿನಿಂದ ಗ್ರಹಿಸುವ ಪರಿಮಳಗಳು.

ನಿಮಿಷಕ್ಕೆ ಒಂದು ಎಳೆತ ಸಾಕೆಂಬುದು ಸಾಮಾನ್ಯ ಅಭಿಪ್ರಾಯ. ಆತುರದಿಂದ ಎಳೆದರೆ ಕೆಂಡದ ಶಾಖ ಏರಿ ರುಚಿ ಕೆಡುತ್ತದೆ. ದಪ್ಪನೆಯ, ಜಿಡ್ಡಿನ ಹೊದಿಕೆ ನಿಧಾನವಾಗಿ ಉರಿಯುವುದರಿಂದ, ಈ ಸರಣಿಯ ಸಿಗಾರ್‌ಗಳಲ್ಲಿ ಒಂದು ಬದಿ ಮುಂದೆ ಉರಿದು ಇನ್ನೊಂದು ಬದಿ ಹಿಂದೆ ಉಳಿಯುವ ಸಂಭವವಿದೆ. ಸೇದಿ ಮುಗಿದ ಮೇಲೆ ಸಿಗರೇಟಿನಂತೆ ಹೊಸಕದೆ, ಬೂದಿಬಟ್ಟಲಿನಲ್ಲಿ ತಾನಾಗಿ ಆರಲು ಬಿಡುವುದು ರೂಢಿ.

ಅಂಕ ನೀಡಿಕೆ ಮತ್ತು ಅದರ ಮಿತಿ

1992ರಲ್ಲಿ ಆರಂಭವಾದ ಅಮೆರಿಕದ ‘ಸಿಗಾರ್ ಅಫಿಸಿಯೊನಾಡೋ’ ಪತ್ರಿಕೆಯು 100 ಅಂಕಗಳ ಮಾಪನವನ್ನು ಜನಪ್ರಿಯಗೊಳಿಸಿತು. ಬ್ರಾಂಡಿನ ಹೆಸರು ತೀರ್ಪನ್ನು ಪ್ರಭಾವಿಸಬಾರದೆಂದು ಪಟ್ಟಿಯನ್ನು ಕಳಚಿ, ಗುರುತು ತಿಳಿಸದೆ ಸೇದಲು ಕೊಡುವ ಪರೀಕ್ಷೆಯನ್ನು ಈ ಪತ್ರಿಕೆ ಅನುಸರಿಸುತ್ತದೆ. ಸೀಮಿತ ಆವೃತ್ತಿಗಳ ವಿಷಯದಲ್ಲಿ ಈ ಎಚ್ಚರಿಕೆಗೆ ವಿಶೇಷ ಅರ್ಥವಿದೆ. ಬೆಲೆ, ವಿರಳತೆ ಮತ್ತು ಪಟ್ಟಿಯ ಮೇಲಿನ ವರ್ಷ ಇವು ನಿರೀಕ್ಷೆಯನ್ನು ಹೆಚ್ಚಿಸುತ್ತವೆ. ನಿರೀಕ್ಷೆ ರುಚಿಯ ಗ್ರಹಿಕೆಯನ್ನು ಬದಲಿಸುತ್ತದೆ. ಗಾಢ ಬಣ್ಣದ ಸಿಗಾರ್ ಹೆಚ್ಚು ಖಾರವಾಗಿರುತ್ತದೆ ಎಂಬ ನಂಬಿಕೆಯೂ ಇದೇ ಬಗೆಯದು. ಖಾರವನ್ನು ಮುಖ್ಯವಾಗಿ ನಿರ್ಧರಿಸುವುದು ಒಳಗಿನ ತುಂಬು ಎಲೆಯೇ ಹೊರತು ಹೊದಿಕೆಯ ಬಣ್ಣವಲ್ಲ. ಕೈಯಿಂದ ಸುತ್ತಿದ ವಸ್ತುವಾದ್ದರಿಂದ ಒಂದೇ ಪೆಟ್ಟಿಗೆಯ ಎರಡು ಸಿಗಾರ್‌ಗಳ ನಡುವೆಯೂ ವ್ಯತ್ಯಾಸ ಇರಬಹುದು. ಆದ್ದರಿಂದ ಒಂದೇ ಸಿಗಾರ್ ಸೇದಿ ಕೊಟ್ಟ ಅಂಕವು ಇಡೀ ಆವೃತ್ತಿಯ ಬಗ್ಗೆ ಖಚಿತ ತೀರ್ಪಾಗಲಾರದು.

ಸಂಗ್ರಹಣೆ

ಸಿಗಾರ್‌ಗಳನ್ನು ‘ಹ್ಯೂಮಿಡೋರ್’ ಎಂಬ ತೇವಾಂಶ ನಿಯಂತ್ರಿತ ಪೆಟ್ಟಿಗೆಯಲ್ಲಿ ಇಡುತ್ತಾರೆ. ಶೇಕಡಾ 65ರಿಂದ 70ರಷ್ಟು ಸಾಪೇಕ್ಷ ತೇವಾಂಶ ಮತ್ತು 16ರಿಂದ 18 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸೂಕ್ತವೆಂದು ಹೇಳಲಾಗುತ್ತದೆ. ಪೆಟ್ಟಿಗೆಯ ಒಳಮೈಗೆ ಬಳಸುವ ‘ಸ್ಪ್ಯಾನಿಷ್ ಸೀಡರ್’ ಮರವು ನಿಜವಾದ ಸೀಡರ್ ಜಾತಿಗೆ ಸೇರಿದ್ದಲ್ಲ. ಅದು ಬೇವು, ಮಹಾಗನಿ ಮರಗಳ ಕುಟುಂಬಕ್ಕೆ ಸೇರಿದೆ. ಉಷ್ಣತೆ ಹೆಚ್ಚಾದರೆ ಎಲೆಯಲ್ಲಿ ಅಡಗಿರಬಹುದಾದ ತಂಬಾಕು ದುಂಬಿಯ ಮೊಟ್ಟೆಗಳು ಒಡೆದು, ಮರಿಹುಳುಗಳು ಸಿಗಾರನ್ನು ಕೊರೆದು ಹಾಳುಮಾಡುತ್ತವೆ. ಸರಿಯಾಗಿ ಇಟ್ಟ ಸಿಗಾರ್ ವರ್ಷಗಳು ಕಳೆದಂತೆ ಮೃದುವಾಗುತ್ತದೆ. ಆದರೆ ಬಹುಕಾಲ ಇಟ್ಟರೆ ಪರಿಮಳವನ್ನೂ ಕಳೆದುಕೊಳ್ಳುತ್ತದೆ.

ವಿರಳತೆ ಮತ್ತು ಬೆಲೆ

ಎಡಿಸಿಯೋನ್ ಲಿಮಿಟಾಡಾದ ಬಗ್ಗೆ ಇರುವ ಮುಖ್ಯ ಆಕ್ಷೇಪ ‘ಸೀಮಿತ’ ಎಂಬ ಪದಕ್ಕೆ ಸಂಬಂಧಿಸಿದ್ದು. ಹೋಲಿಕೆಗೆ, ಕೊಹೀಬಾ ಬ್ರಾಂಡಿನ 40ನೆಯ ವರ್ಷದ ನೆನಪಿಗಾಗಿ 2006ರಲ್ಲಿ ಹೊರತಂದ ಬೆಹೀಕೆ ಸಿಗಾರ್‌ಗಳ ಸಂಖ್ಯೆ ನಿಶ್ಚಿತವಾಗಿತ್ತು. ತಲಾ 40 ಸಿಗಾರ್‌ಗಳಿದ್ದ 100 ಹ್ಯೂಮಿಡೋರ್‌ಗಳನ್ನು ಮಾತ್ರ ತಯಾರಿಸಲಾಯಿತು. ಎಡಿಸಿಯೋನ್ ಲಿಮಿಟಾಡಾದಲ್ಲಿ ಮಿತಿಯು ಮುಖ್ಯವಾಗಿ ವರ್ಷಕ್ಕೆ ಸಂಬಂಧಿಸಿದ್ದು; ಪೆಟ್ಟಿಗೆಯ ಮೇಲೆ ಒಟ್ಟು ಸಂಖ್ಯೆಯನ್ನು ಸಾಮಾನ್ಯವಾಗಿ ನಮೂದಿಸುವುದಿಲ್ಲ. ಅಲ್ಲದೆ ಪಾರ್ಟಾಗಾಸ್ ಸೀರಿ ಡಿ ನಂ. 3 ಎಂಬ ಸಿಗಾರ್ 2001ರಲ್ಲೂ 2006ರಲ್ಲೂ ಇದೇ ಸರಣಿಯಲ್ಲಿ ಬಂದಿತು. ಮ್ಯಾಗ್ನಮ್ 50ರಂತಹವು ನಿತ್ಯದ ಉತ್ಪನ್ನಗಳೇ ಆದವು. ಸಂಗ್ರಾಹಕರ ದೃಷ್ಟಿಯಲ್ಲಿ ಇದು ವಿರಳತೆಯನ್ನು ಕುಂದಿಸುತ್ತದೆ. ತಯಾರಕರ ದೃಷ್ಟಿಯಲ್ಲಿ, ಹೊಸ ಅಳತೆಯೊಂದಕ್ಕೆ ಬೇಡಿಕೆ ಇದೆಯೇ ಎಂದು ಪರೀಕ್ಷಿಸುವ ಮಾರ್ಗವಾಗಿಯೂ ಸರಣಿ ಕೆಲಸ ಮಾಡಿದೆ. ಗಾಢ ಬಣ್ಣದ ಹೊದಿಕೆ ಮತ್ತು ಹೆಚ್ಚಿನ ಮಾಗುವಿಕೆ ನಿತ್ಯದ ರೂಪಗಳಿಗೆ ಅನ್ವಯಿಸದ ಕಾರಣ ಹೆಸರು ಒಂದೇ ಆದರೂ ರುಚಿ ಒಂದೇ ಅಲ್ಲ.

2022ರಲ್ಲಿ ಹಬಾನೋಸ್ ಎಸ್.ಎ. ಕೊಹೀಬಾ ಮತ್ತು ಟ್ರಿನಿಡಾಡ್ ಬ್ರಾಂಡ್‌ಗಳ ಬೆಲೆಯನ್ನು ಜಗತ್ತಿನಾದ್ಯಂತ ಏಕರೂಪಕ್ಕೆ ತರಲು ಮುಂದಾದಾಗ, ಅನೇಕ ದೇಶಗಳಲ್ಲಿ ಅವುಗಳ ಬೆಲೆ ತೀವ್ರವಾಗಿ ಏರಿತು. ಹಳೆಯ ಸೀಮಿತ ಆವೃತ್ತಿಗಳು ಹರಾಜುಗಳಲ್ಲಿ ಮೂಲ ಬೆಲೆಯನ್ನು ಮೀರಿ ಮಾರಾಟವಾಗುತ್ತವೆ. ಇದರಿಂದಾಗಿ ಸೇದುವ ಉದ್ದೇಶವಿಲ್ಲದೆ ಹೂಡಿಕೆಗಾಗಿಯೇ ಕೊಳ್ಳುವವರ ವರ್ಗವೊಂದು ಬೆಳೆದಿದೆ.

ನಕಲಿ ಸಿಗಾರ್‌ಗಳು

ಬೆಲೆ ಮತ್ತು ಹೆಸರಿನ ಕಾರಣದಿಂದ ಕೊಹೀಬಾ, ಮಾಂಟೆಕ್ರಿಸ್ಟೋ ಬ್ರಾಂಡ್‌ಗಳ ನಕಲಿಗಳು ವ್ಯಾಪಕವಾಗಿವೆ. ಹವಾನಾದ ಬೀದಿಗಳಲ್ಲಿ ‘ಕಾರ್ಖಾನೆಯಿಂದ ತಂದದ್ದು’ ಎಂದು ಹೇಳಿ ಪ್ರವಾಸಿಗರಿಗೆ ಮಾರುವ ಸಿಗಾರ್‌ಗಳು ಬಹುತೇಕ ಇಂತಹವೇ. ಅಸಲಿ ಪೆಟ್ಟಿಗೆಯ ಮೇಲೆ ಕ್ಯೂಬಾ ಸರ್ಕಾರದ ಹಸಿರು–ಬಿಳಿ ಖಾತರಿ ಮುದ್ರೆ ಮತ್ತು ‘ಹಬಾನೋಸ್’ ಎಂಬ ಪಟ್ಟಿ ಇರುತ್ತವೆ. ತಳಭಾಗದಲ್ಲಿ ‘ಹೇಚೋ ಎನ್ ಕ್ಯೂಬಾ’ (ಕ್ಯೂಬಾದಲ್ಲಿ ತಯಾರಾದದ್ದು), ‘ಟೊಟಾಲ್ಮೆಂಟೆ ಎ ಮಾನೋ’ (ಸಂಪೂರ್ಣವಾಗಿ ಕೈಯಿಂದ ಮಾಡಿದ್ದು) ಎಂಬ ಸುಟ್ಟಚ್ಚು ಹಾಗೂ ಕಾರ್ಖಾನೆಯ ಸಂಕೇತ, ತಿಂಗಳು, ವರ್ಷಗಳ ಮುದ್ರೆ ಇರುತ್ತದೆ. ಸೀಮಿತ ಆವೃತ್ತಿಯ ಎರಡನೆಯ ಪಟ್ಟಿಯನ್ನು ಅಚ್ಚುಹಾಕಿಸುವುದು ನಕಲುಗಾರರಿಗೆ ಕಷ್ಟವೇನಲ್ಲ. ಆದ್ದರಿಂದ ಪಟ್ಟಿಯೊಂದೇ ಅಸಲಿತನಕ್ಕೆ ಸಾಕ್ಷಿಯಾಗುವುದಿಲ್ಲ.

ಆರೋಗ್ಯದ ಮೇಲೆ ಪರಿಣಾಮ

ತಂಬಾಕಿನ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮೊದಲ ಗುಂಪಿನ, ಅಂದರೆ ಮನುಷ್ಯರಲ್ಲಿ ಖಚಿತವಾಗಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳಲ್ಲಿ ಸೇರಿಸಿದೆ. ಸಿಗಾರ್ ಸೇವನೆಯು ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ ಮತ್ತು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಲ್ಲಿ ಇರುವಷ್ಟು ತಂಬಾಕು ಇರಬಹುದು.

ಹೊಗೆಯನ್ನು ಒಳಗೆ ಎಳೆಯದ ಕಾರಣ ಸಿಗಾರ್ ನಿರಪಾಯ ಎಂಬ ನಂಬಿಕೆ ತಪ್ಪು. ಹುದುಗಿಸಿದ ಎಲೆಯ ಹೊಗೆ ಕ್ಷಾರೀಯವಾಗಿರುವುದರಿಂದ ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತವನ್ನು ಸೇರುತ್ತದೆ ಮತ್ತು ವ್ಯಸನವನ್ನು ಉಂಟುಮಾಡಬಲ್ಲದು. ಖಾಲಿ ಹೊಟ್ಟೆಯಲ್ಲಿ ಸೇದಿದವರಿಗೆ ತಲೆಸುತ್ತು, ವಾಕರಿಕೆ ಬರುವುದು ಇದರಿಂದಲೇ. ಮಾಗಿಸುವಿಕೆಯು ಹೊಗೆಯ ಒರಟುತನವನ್ನು ತಗ್ಗಿಸುತ್ತದೆಯೇ ಹೊರತು ಅದರ ಅಪಾಯವನ್ನಲ್ಲ. ಎಲೆಯ ದರ್ಜೆ, ಬೆಲೆ, ಕೈಕೆಲಸ ಇವು ಯಾವುವೂ ಹಾನಿಯನ್ನು ಕಡಿಮೆ ಮಾಡುವುದಿಲ್ಲ. ಒಂದು ಗಂಟೆಯವರೆಗೂ ಉರಿಯುವ ಸಿಗಾರ್ ಮುಚ್ಚಿದ ಕೋಣೆಯಲ್ಲಿರುವ ಇತರರಿಗೂ ಹಾನಿಕರ.

ಭಾರತದಲ್ಲಿ ಸಿಗಾರ್ ಮತ್ತು ಚುಟ್ಟಗಳು 2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಈ ಕಾಯ್ದೆಯು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು, ತಂಬಾಕಿನ ಜಾಹೀರಾತನ್ನು ಮತ್ತು ಶಿಕ್ಷಣ ಸಂಸ್ಥೆಗಳಿಂದ 100 ಗಜಗಳೊಳಗೆ ಮಾರಾಟವನ್ನು ನಿಷೇಧಿಸುತ್ತದೆ. ಆಮದಾದ ಸಿಗಾರ್ ಪೆಟ್ಟಿಗೆಗಳ ಮೇಲೂ ಆರೋಗ್ಯ ಎಚ್ಚರಿಕೆ ಇರುವುದು ಕಡ್ಡಾಯ.

ಇವನ್ನೂ ನೋಡಿ

- ತಂಬಾಕು
- ಚುಟ್ಟ
- ಹವಾನಾ
- ಕ್ಯೂಬಾ
- ಧೂಮಪಾನ